ಮಕ್ಕಳ ಭಾಷಣಕ್ಕೆ ಅಂಕ ಹಾಕುವಾಗ ನೀವು ಏನು ನೋಡುತ್ತೀರಿ? ಶನಿವಾರ ನಾನು ನಿರ್ಣಾಯಕಿ

ಗುಳೇದಗುಡ್ಡದ ಅಕ್ಕೋರು
ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಪಕ್ಕದ ಕ್ಲಸ್ಟರ್‌ನ ಪ್ರತಿಭಾ ಕಾರಂಜಿಗೆ ನನ್ನನ್ನು ನಿರ್ಣಾಯಕಿಯಾಗಿ ಹಾಕಿದ್ದಾರೆ. ಭಾಷಣ, ಕಥೆ ಹೇಳುವುದು, ಕಂಠಪಾಠ ಮೂರೂ ನನ್ನ ಪಾಲಿಗೆ ಬಂದಿವೆ. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆದರೂ ಈ ಸಲ ಒಪ್ಪಿಕೊಳ್ಳುವ ಮೊದಲು ಎರಡು ದಿನ ಯೋಚನೆ ಮಾಡಿದೆ. ಕಾರಣ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಊರಿನಲ್ಲಿ ಭಾಷಣ ಸ್ಪರ್ಧೆ. ವಿಷಯ ನೀರು. ಒಬ್ಬರಾದ ಮೇಲೆ ಒಬ್ಬರು ಬಂದು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಹೋದರು. ಅದೇ ಮಾತು, ಅದೇ ಕೈಸನ್ನೆ. ಒಂಬತ್ತನೆಯವಳು ಏಳನೇ ತರಗತಿಯ ಹುಡುಗಿ. ಯೂನಿಫಾರ್ಮ್ ತೋಳಿನ ಗುಂಡಿ ಹೋಗಿತ್ತು, ಪಿನ್ ಹಾಕಿಕೊಂಡಿದ್ದಳು. ಬಂದವಳೇ ‘ನಮ್ಮಜ್ಜಿ ಮನಿ ನೀರಾಗ ಹೋಗೇತ್ರಿ’ ಅಂತ ಶುರು ಮಾಡಿದಳು. ಆಲಮಟ್ಟಿ ಹಿನ್ನೀರು, ಮುಳುಗಡೆ, ಹಳೆ ಊರಿನ ಬಾವಿ, ಬಾವಿಯ ಗಡಗಡಿ ಸಪ್ಪಳ. ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್ ಅನ್ನುವ ಅಂಕಿ ಆ ಮಗುವಿನ ಬಾಯಲ್ಲಿ ಮನೆ ನಂಬರಿನ ಹಾಗೆ ಬಂತು. ‘ಎಲ್ಲಾರೂ ನೀರು ಉಳಸ್ರಿ ಅಂತಾರ. ನಮ್ಮಜ್ಜಿ ನೀರು ನೋಡಿದ್ರ ಅಳತಾಳ’ ಅಂದಳು. ನಾನು ಪೆನ್ನು ಕೆಳಗಿಟ್ಟು ಕೇಳಿದೆ.

ಹತ್ತಕ್ಕೆ ಒಂಬತ್ತು ಹಾಕಿದೆ. ಪಕ್ಕದಲ್ಲಿದ್ದವರು ನನ್ನ ಹಾಳೆಯ ಕಡೆ ಬಗ್ಗಿ ನೋಡಿ, ‘ಭಾಷೆ ಶುದ್ಧ ಇಲ್ಲ ಅಲ್ವಾ ಮೇಡಂ, ಇದು ಭಾಷಣವೋ ಕಟ್ಟೆ ಮಾತೋ’ ಅಂದರು. ಮೂರನೆಯವರು ಹೌದೆಂದು ತಲೆ ಆಡಿಸಿದರು. ನಾನು ಒಂಬತ್ತನ್ನು ಹೊಡೆದು ಆರು ಮಾಡಿದೆ. ಹುಡುಗಿ ನಾಲ್ಕನೇ ಸ್ಥಾನಕ್ಕೆ ಹೋದಳು.

ಮಧ್ಯಾಹ್ನ ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ‘ಅಕ್ಕೋರೆ, ನಂದು ಎಲ್ಲಿ ತಪ್ಪಾತ್ರಿ?’ ಅಂತ ಕೇಳಿದಳು. ‘ಚಲೋ ಮಾಡಿದಿ, ಮುಂದಿನ ವರ್ಷ ಮತ್ತ ಬಾ’ ಅಂದೆ. ಅವಳದು ಎಲ್ಲೂ ತಪ್ಪಾಗಿರಲಿಲ್ಲ. ಒಂಬತ್ತನ್ನು ಹೊಡೆದ ನನ್ನ ಕೈ ತಪ್ಪಿತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ಆಗಲಿಲ್ಲ.

ಪಕ್ಕದವರ ಮಾತಿಗೆ ನನ್ನ ಅಂಕ ಅಲ್ಲಾಡದ ಹಾಗೆ ಏನು ಮಾಡಬೇಕು? ನಮ್ಮ ಕಡೆಯ ಮಾತಿನಲ್ಲಿ ಮಾತಾಡುವ ಮಗುವಿಗೆ ನೀವು ಹೇಗೆ ಅಂಕ ಹಾಕುತ್ತೀರಿ? ಬಹುಮಾನ ಬಾರದ ಮಗು ಬಂದು ಕೇಳಿದರೆ ಏನು ಹೇಳುತ್ತೀರಿ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಜಮಖಂಡಿಯ ನಿವೃತ್ತ ಮಾಸ್ತರು
ಸೋಮವಾರ, ರಾತ್ರಿ 10:02

ಅಕ್ಕೋರೆ, ನೀವು ಇದನ್ನು ಬರೆದದ್ದೇ ದೊಡ್ಡದು. ನಮ್ಮಲ್ಲಿ ಎಷ್ಟೋ ಮಂದಿ ಹೀಗೆ ಅಂಕ ಹೊಡೆದಿದ್ದೇವೆ. ನಾನೂ ಹೊಡೆದಿದ್ದೇನೆ.

ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಇದು. ಸ್ಪರ್ಧೆಗೆ ಮುಂಚೆ ಮೂವರೂ ಹತ್ತು ನಿಮಿಷ ಕೂತು ಮಾತಾಡಿ. ವಿಷಯಕ್ಕೆ ಎಷ್ಟು, ಹೇಳುವ ರೀತಿಗೆ ಎಷ್ಟು, ಸ್ಪಷ್ಟತೆಗೆ ಎಷ್ಟು, ಸಮಯಕ್ಕೆ ಎಷ್ಟು ಅಂತ ಬರೆದುಕೊಳ್ಳಿ. ಭಾಷೆಯ ಜಗಳ ಇದ್ದರೆ ಆಗಲೇ ಆಡಿ ಮುಗಿಸಿ. ಮಗು ವೇದಿಕೆ ಮೇಲಿರುವಾಗ ಅಥವಾ ಇಳಿದ ಮೇಲೆ ಆ ಜಗಳ ಶುರುವಾದರೆ ಅದರ ಪೆಟ್ಟು ಬೀಳುವುದು ಮಗುವಿಗೇ. ಬರೆದುಕೊಂಡದ್ದನ್ನು ಮಕ್ಕಳಿಗೂ ಓದಿ ಹೇಳಿ. ಮಗುವಿಗೆ ಗೊತ್ತೇ ಇಲ್ಲದ ನಿಯಮಕ್ಕೆ ಅಂಕ ಕಡಿದರೆ ಅದು ನ್ಯಾಯ ಅಲ್ಲ.

ಆಮೇಲೆ ಕುರ್ಚಿ ದೂರ ದೂರ ಹಾಕಿಸಿ. ಸುಮ್ನೆ ಹೇಳುತ್ತಿಲ್ಲ, ಇದು ಜಾಸ್ತಿ ಕೆಲಸ ಮಾಡುತ್ತದೆ. ನಡುವೆ ಒಂದು ಮಾರು ಜಾಗ ಇದ್ದರೆ ಹಾಳೆ ಇಣುಕುವುದು ತಾನಾಗಿಯೇ ನಿಲ್ಲುತ್ತದೆ. ಎಲ್ಲ ಮಕ್ಕಳೂ ಮುಗಿಯುವ ತನಕ ಮಾತಿಲ್ಲ ಅಂತ ಮೊದಲೇ ಒಪ್ಪಿಕೊಳ್ಳಿ.

ಇನ್ನೊಂದು ಅಪಾಯ ಮೊದಲನೇ ಮಗುವಿನದು. ಮೊದಲು ಬಂದ ಮಗುವಿಗೆ ನಾವು ಕೈ ಬಿಗಿ ಹಿಡಿಯುತ್ತೇವೆ. ಮುಂದೆ ಇನ್ನೂ ಚೆನ್ನಾಗಿ ಮಾಡುವವರು ಬರಬಹುದು ಅಂತ ಎಂಟು ಕೊಡುವ ಕಡೆ ಆರು ಕೊಡುತ್ತೇವೆ. ಇದು ನಮ್ಮ ಹಳ್ಳಿಯ ರೋಗ ಅಂದುಕೊಂಡಿದ್ದೆ. ಬ್ರಸೆಲ್ಸ್‌ನಲ್ಲಿ ಕ್ವೀನ್ ಎಲಿಸಬೆತ್ ಅಂತ ದೊಡ್ಡ ಸಂಗೀತ ಸ್ಪರ್ಧೆ ನಡೆಯುತ್ತದೆ. ಅಲ್ಲಿ ನುಡಿಸುವ ಸರದಿಯನ್ನು ಚೀಟಿ ಎತ್ತಿಯೇ ನಿರ್ಧರಿಸುತ್ತಾರೆ. ಆದರೂ ಮೊದಲ ದಿನ ನುಡಿಸಿದವರು ಹಿಂದೆ ಬೀಳುತ್ತಾರೆ, ಕೊನೆಯ ಕಡೆ ನುಡಿಸಿದವರು ಮೇಲೆ ಬರುತ್ತಾರೆ ಅಂತ 1996ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ಜಗತ್ತಿನ ದೊಡ್ಡ ದೊಡ್ಡ ಸಂಗೀತಗಾರರು ಕೂತ ಕಡೆಯೇ ಹೀಗಾದರೆ, ಬೆಳಗ್ಗೆ ಬಸ್ ಹಿಡಿದು ಓಡಿ ಬಂದು ಕೂತ ನಮಗೆ ಆಗುವುದಿಲ್ಲವಾ?

ಅದಕ್ಕೆ ನಾನು ಮೊದಲ ಮೂರು ಮಕ್ಕಳಿಗೆ ಪೆನ್ಸಿಲ್‌ನಲ್ಲಿ ಅಂಕ ಬರೆಯುತ್ತೇನೆ. ಅಂಕದ ಪಕ್ಕದಲ್ಲಿ ಆ ಮಗು ಆಡಿದ ಒಂದು ಮಾತನ್ನು ಹಾಗೇ ಬರೆದಿಡುತ್ತೇನೆ. ಎಲ್ಲರದೂ ಮುಗಿದ ಮೇಲೆ ಆ ಮಾತು ಓದಿದರೆ ಮಗು ಮತ್ತೆ ಕಣ್ಣ ಮುಂದೆ ಬರುತ್ತದೆ. ಆಮೇಲೆ ಪೆನ್ನಿನಲ್ಲಿ ತಿದ್ದುತ್ತೇನೆ. ಬರೀ ಅಂಕ ಬರೆದರೆ ಇಪ್ಪತ್ತನೇ ಮಗುವಿನ ಹೊತ್ತಿಗೆ ಎರಡನೇ ಮಗುವಿನ ಮುಖವೂ ನೆನಪಿರುವುದಿಲ್ಲ.

ಕ್ಲಸ್ಟರ್ ಕೆಲಸ ಮಾಡಿದವನು
ಮಂಗಳವಾರ, ಬೆಳಗ್ಗೆ 7:15

ಮಾಸ್ತರ ಮಾತು ಎಲ್ಲ ಸರಿ. ಆದರೆ ನಾನು ಸಿಆರ್‌ಪಿ (ಕ್ಲಸ್ಟರ್ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಆಗಿ ಇದನ್ನು ನಡೆಸಿದವನು. ಆ ದಿನ ಹೇಗಿರುತ್ತದೆ ಅಂತ ಹೇಳಬೇಕು. ಹನ್ನೆರಡು ಹದಿನಾಲ್ಕು ಶಾಲೆಯ ಮಕ್ಕಳು. ಒಂದೇ ದಿನದಲ್ಲಿ ಎಲ್ಲ ಸ್ಪರ್ಧೆ ಮುಗಿಯಬೇಕು. ಒಂದು ಕೋಣೆಯಲ್ಲಿ ಭಾಷಣ, ಪಕ್ಕದ ಕೋಣೆಯಲ್ಲಿ ಕವ್ವಾಲಿ. ಹೊರಗೆ ಛದ್ಮವೇಷದ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡು ಬಿಸಿಲಲ್ಲಿ ಕಾಯುತ್ತಿರುತ್ತಾರೆ. ದೂರದ ಶಾಲೆಯವರಿಗೆ ಕೊನೆಯ ಬಸ್ ಸಿಗಬೇಕು. ಮೊದಲ ಸ್ಥಾನ ಬಂದವರ ಹೆಸರು ತಾಲ್ಲೂಕಿಗೆ ಕಳಿಸಬೇಕು. ನಿರ್ಣಾಯಕರು ಹತ್ತು ನಿಮಿಷ ಕೂತು ಮಾತಾಡುತ್ತೇವೆ ಅಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಹಾಗಂತ ಮಾಡಬೇಡಿ ಅನ್ನುತ್ತಿಲ್ಲ. ಹಿಂದಿನ ದಿನವೇ ಫೋನಿನಲ್ಲಿ ಮಾತಾಡಿಕೊಳ್ಳಿ. ಅಂಕದ ಹಾಳೆಯನ್ನು ಹಿಂದಿನ ದಿನವೇ ಸಿಆರ್‌ಪಿಯಿಂದ ಕೇಳಿ ಪಡೆಯಿರಿ. ಕೇಳಿದರೆ ಕೊಡುತ್ತಾರೆ. ನನ್ನನ್ನು ಒಬ್ಬರೂ ಕೇಳಿರಲಿಲ್ಲ.

ವಿಜಯಪುರದಲ್ಲಿ ಓದುತ್ತಿರುವ ಹುಡುಗ
ಮಂಗಳವಾರ, ಬೆಳಗ್ಗೆ 11:40

ನಾನು ಅಂಕ ಹಾಕಿದವನಲ್ಲ, ಹಾಕಿಸಿಕೊಂಡವನು. ಅಕ್ಕೋರ ಮೂರನೇ ಪ್ರಶ್ನೆಗೆ ನನ್ನದು ಎರಡು ಅನುಭವ.

ಆರನೇ ತರಗತಿಯಲ್ಲಿ ಭಾವಗೀತೆ ಹಾಡಿ ಇಳಿದೆ. ಒಬ್ಬ ನಿರ್ಣಾಯಕರು ಮೈಕಿನಲ್ಲೇ, ಎಲ್ಲರ ಮುಂದೆ, ‘ತಮ್ಮಾ, ನಿನ್ನ ಧ್ವನಿ ಹಾಡಿಗಲ್ಲ, ಆಟಕ್ಕೆ ಸೇರಿಕೋ’ ಅಂದರು. ಸಭೆ ನಕ್ಕಿತು. ಅವರಿಗೆ ಕೆಟ್ಟ ಮನಸ್ಸು ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ಆದರೆ ಆಮೇಲೆ ಮೂರು ವರ್ಷ ನಾನು ಯಾವ ವೇದಿಕೆಯನ್ನೂ ಹತ್ತಲಿಲ್ಲ. ಪ್ರಾರ್ಥನೆಯಲ್ಲಿ ಕೂಡ ಬರೀ ತುಟಿ ಅಲ್ಲಾಡಿಸುತ್ತಿದ್ದೆ.

ಒಂಬತ್ತನೇ ತರಗತಿಯಲ್ಲಿ ನಮ್ಮ ಸರ್ ಒತ್ತಾಯಕ್ಕೆ ಚರ್ಚಾ ಸ್ಪರ್ಧೆಗೆ ಹೋದೆ. ಬಹುಮಾನ ಬರಲಿಲ್ಲ. ಮುಗಿದ ಮೇಲೆ ವಯಸ್ಸಾದ ನಿರ್ಣಾಯಕಿ ಒಬ್ಬರು ನನ್ನನ್ನು ಕಂಬದ ಹಿಂದೆ ಕರೆದರು. ‘ನಿನ್ನ ಮಾತಿನಲ್ಲಿ ಸತ್ವ ಐತಿ. ಆದರ ಪ್ರತಿ ಸಾಲಿನ ಕೊನಿ ಶಬ್ದ ನುಂಗತೀ. ಕೊನಿ ಶಬ್ದಕ್ಕ ಉಸಿರು ಉಳಿಸಿಕೋ’ ಅಂದರು. ಅಷ್ಟೇ. ಅರ್ಧ ನಿಮಿಷ ಆಗಿರಬಹುದು. ನಾನು ಮನೆಗೆ ಹೋಗಿ ದನದ ಕೊಟ್ಟಿಗೆಯಲ್ಲಿ ನಿಂತು ಅದನ್ನೇ ಮಾಡಿದೆ. ಒಂದು ವಾಕ್ಯ, ಕೊನೆಯ ಶಬ್ದ, ಉಸಿರು. ಈಗ ಕಾಲೇಜಿನಲ್ಲಿ ಯುವಜನೋತ್ಸವಕ್ಕೆ ನಾನೇ ತಂಡ ಕಟ್ಟುತ್ತೇನೆ. ಈಗಲೂ ಮೈಕ್ ಮುಂದೆ ನಿಂತಾಗ ಮೊದಲು ನೆನಪಾಗುವುದು ಆ ಮಾತು.

ಇಬ್ಬರೂ ತಪ್ಪನ್ನೇ ಹೇಳಿದರು. ಒಬ್ಬರು ನಾನು ಬದಲಿಸಲು ಆಗದ್ದನ್ನು ಹೇಳಿದರು. ಇನ್ನೊಬ್ಬರು ಅವತ್ತು ಸಂಜೆಯೇ ಬದಲಿಸಬಹುದಾದದ್ದನ್ನು ಹೇಳಿದರು. ಅದೂ ಎಲ್ಲರ ಮುಂದೆ ಅಲ್ಲ, ಕಂಬದ ಹಿಂದೆ.

ಗುಳೇದಗುಡ್ಡದ ಅಕ್ಕೋರು
ಮಂಗಳವಾರ, ಮಧ್ಯಾಹ್ನ 1:25

ತಮ್ಮಾ, ನಿನ್ನ ಮಾತು ಓದಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ‘ಕೊನೆಯ ಶಬ್ದಕ್ಕೆ ಉಸಿರು’ ನನ್ನ ಮಕ್ಕಳಿಗೂ ಇವತ್ತೇ ಹೇಳುತ್ತೇನೆ.

ಬೆಳಗಾವಿಯಿಂದ ಒಬ್ಬಳು
ಮಂಗಳವಾರ, ರಾತ್ರಿ 8:30

ಭಾಷೆಯ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರದ್ದು, ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಮರಾಠಿ. ನಾನು ಓದಿದ್ದು ಕನ್ನಡ ಶಾಲೆ. ಈಗ ಕನ್ನಡವನ್ನೇ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಮರಾಠಿ ಮನೆಯ ಮಕ್ಕಳಿದ್ದಾರೆ, ಉರ್ದು ಮನೆಯವರಿದ್ದಾರೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ. ಕನ್ನಡವೇ ಮನೆ ಮಾತಾದ ಮಕ್ಕಳೂ ‘ಐತಿ’, ‘ಬರ್ತೇನ್ರಿ’, ‘ಹೋಗೂಣು’ ಅನ್ನುವವರೇ. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಅಡುಗೆಮನೆಯಲ್ಲೂ ಇಲ್ಲ. ‘ಭಾಷಾ ಶುದ್ಧಿ’ ಅಂತ ಹತ್ತಕ್ಕೆ ಮೂರು ಅಂಕ ಇಟ್ಟರೆ, ಆ ಮೂರು ಅಂಕವನ್ನು ನಾವು ಮೇಷ್ಟ್ರ ಮಕ್ಕಳಿಗೆ ಮೊದಲೇ ಎತ್ತಿಟ್ಟ ಹಾಗೆ ಆಗುತ್ತದೆ.

ನಾನು ಆ ಅಂಕಣವನ್ನು ತೆಗೆದು ‘ಸ್ಪಷ್ಟತೆ’ ಅಂತ ಹಾಕಿಸಿದ್ದೇನೆ. ಕೊನೆಯ ಬೆಂಚಿನಲ್ಲಿ ಕೂತವರಿಗೆ ಪ್ರತಿ ಶಬ್ದ ಕೇಳಿತಾ? ಅರ್ಥ ಆಯಿತಾ? ಅಷ್ಟು ಸಾಕು. ‘ನಮ್ಮಜ್ಜಿ ಮನಿ ನೀರಾಗ ಹೋಗೇತ್ರಿ’ ಅನ್ನುವ ಮಾತು ಯಾರಿಗೆ ಅರ್ಥ ಆಗುವುದಿಲ್ಲ ಹೇಳಿ? ‘ನನ್ನ ಅಜ್ಜಿಯ ಗೃಹವು ಜಲಾವೃತವಾಗಿದೆ’ ಅಂದಿದ್ದರೆ ಅಕ್ಕೋರು ಪೆನ್ನು ಕೆಳಗಿಡುತ್ತಿದ್ದರಾ?

ನಮ್ಮ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಕಡೆಯ ಮಾತನ್ನೇ ನಾಟಕಕ್ಕೂ ಪದ್ಯಕ್ಕೂ ತಂದರು. ಅವರಿಗೆ 2010ನೇ ಸಾಲಿನ ಜ್ಞಾನಪೀಠ ಬಂತು. ಈ ಮಾತಿನಲ್ಲಿ ದೊಡ್ಡ ಸಾಹಿತ್ಯ ಹುಟ್ಟುತ್ತದೆ ಅಂತ ನಾಡೇ ಒಪ್ಪಿದೆ. ಏಳನೇ ತರಗತಿಯ ಮಗುವಿಗೆ ಅದೇ ಮಾತಿಗೆ ಅಂಕ ಕಡಿಯುವುದು ನನಗೆ ಸಹಿಸಲು ಆಗುವುದಿಲ್ಲ.

ಕಥೆ ಹೇಳುವುದರಲ್ಲಂತೂ ಮನೆಯ ಮಾತೇ ಬಲ. ಅಜ್ಜಿ ಹೇಳಿದ ಕಥೆಯನ್ನು ಅಜ್ಜಿಯ ಮಾತಿನಲ್ಲಿ ಹೇಳಿದರೆ ನಾನು ಅಂಕ ಏರಿಸುತ್ತೇನೆ.

ಹುನಗುಂದದ ಕನ್ನಡ ಪಂಡಿತರ ಮಗ
ಮಂಗಳವಾರ, ರಾತ್ರಿ 9:05

ಮೇಡಂ, ಒಂದು ಕಡೆ ನಿಮ್ಮನ್ನು ಒಪ್ಪುವುದಿಲ್ಲ. ಕಂಠಪಾಠ ಬೇರೆ. ಅಲ್ಲಿ ಮಗು ತನ್ನ ಮಾತು ಆಡುತ್ತಿಲ್ಲ, ಬೇರೆಯವರು ಬರೆದ ಪದ್ಯ ಹೇಳುತ್ತಿದೆ. ಮಹಾಪ್ರಾಣ, ಒತ್ತಕ್ಷರ, ‘ಶ’ ‘ಷ’ ‘ಸ’ ತಪ್ಪಿದರೆ ಪದ್ಯದ ಲಯವೇ ಹೋಗುತ್ತದೆ, ಕೆಲವು ಕಡೆ ಅರ್ಥವೂ ಕೆಡುತ್ತದೆ. ಅಲ್ಲಿ ಉಚ್ಚಾರಣೆಗೆ ಅಂಕ ಇರಲೇಬೇಕು. ನಮ್ಮ ತಂದೆ ಒಂದು ವಚನವನ್ನು ನಲವತ್ತು ಸಲ ಹೇಳಿಸುತ್ತಿದ್ದರು. ಅದು ನಾಲಿಗೆಗೆ ಒಳ್ಳೆಯ ವ್ಯಾಯಾಮ. ಮನೆ ಮಾತಿನ ಮೇಲಿನ ಪ್ರೀತಿಯಲ್ಲಿ ಅದನ್ನು ಕಳೆದುಕೊಳ್ಳಬಾರದು.

ಬೆಳಗಾವಿಯಿಂದ ಒಬ್ಬಳು
ಮಂಗಳವಾರ, ರಾತ್ರಿ 9:20

ಒಪ್ಪಿದೆ ಸರ್. ಕಂಠಪಾಠಕ್ಕೆ ಉಚ್ಚಾರಣೆ ಬೇಕು. ಭಾಷಣ ಮತ್ತು ಕಥೆಗೆ ಸ್ಪಷ್ಟತೆ ಸಾಕು. ಎರಡಕ್ಕೂ ಒಂದೇ ಹಾಳೆ ಝೆರಾಕ್ಸ್ ಮಾಡಿ ಹಂಚುವುದೇ ನಮ್ಮ ತಪ್ಪು.

ತಬಲಾ ಕಲಿಸುವ ಮಾಸ್ತರ್, ಬಾಗಲಕೋಟೆ
ಬುಧವಾರ, ಬೆಳಗ್ಗೆ 6:50

ಹಾಡಿನ ಕಡೆಯಿಂದ ನನ್ನ ಮಾತು. ಹಾಡಿಗೆ ಅಂಕ ಹಾಕುವಾಗ ಕಣ್ಣು ಮೋಸ ಮಾಡುತ್ತದೆ. 2013ರಲ್ಲಿ ಒಂದು ಅಧ್ಯಯನ ಬಂತು. ಸಂಗೀತ ಸ್ಪರ್ಧೆಗಳ ತುಣುಕುಗಳನ್ನು ಕೆಲವರಿಗೆ ಬರೀ ಧ್ವನಿ ಕೇಳಿಸಿದರು, ಕೆಲವರಿಗೆ ಧ್ವನಿ ಇಲ್ಲದೆ ಬರೀ ಚಿತ್ರ ತೋರಿಸಿದರು. ಗೆದ್ದವರು ಯಾರು ಅಂತ ಸರಿಯಾಗಿ ಗುರುತಿಸಿದವರು ಚಿತ್ರ ನೋಡಿದವರು! ಅನುಭವ ಇದ್ದ ಸಂಗೀತಗಾರರೂ ಹಾಗೇ ಮಾಡಿದರು. ಅಂದರೆ ಆ ಸ್ಪರ್ಧೆಗಳ ನಿರ್ಣಾಯಕರು ಕೂಡ ಕಿವಿಗಿಂತ ಕಣ್ಣಿಗೆ ಹೆಚ್ಚು ಬೆಲೆ ಕೊಟ್ಟಿದ್ದರು ಅಂತ ಆಯಿತು.

ಅದನ್ನು ಓದಿದ ಮೇಲೆ ನಾನು ಪ್ರತಿ ಹಾಡಿನ ಮೊದಲ ಅರ್ಧ ಕಣ್ಣು ಮುಚ್ಚಿ ಕೇಳುತ್ತೇನೆ. ಮೊದಲ ಸಲ ಹಾಗೆ ಮಾಡಿದಾಗ ಒಬ್ಬ ಹುಡುಗಿ ನಡುವೆಯೇ ಹಾಡು ನಿಲ್ಲಿಸಿದಳು. ನಾನು ನಿದ್ದೆ ಮಾಡುತ್ತಿದ್ದೇನೆ ಅಂದುಕೊಂಡಳು ಪಾಪ. ಈಗ ಶುರುವಿಗೇ ಮಕ್ಕಳಿಗೆ ಹೇಳುತ್ತೇನೆ: ‘ನಾ ಕಣ್ಣು ಮುಚ್ಚಿದ್ರ ನಿಮ್ಮ ಹಾಡು ಕೇಳಾಕತ್ತೇನಿ ಅಂತ ತಿಳ್ಕೋರಿ.’

ಶ್ರುತಿಯ ವಿಷಯವೂ ಇದೆ. ಪೇಟಿ (ಹಾರ್ಮೋನಿಯಂ) ನುಡಿಸುವವರು ತಮ್ಮ ಅನುಕೂಲದ ಶ್ರುತಿ ಹಿಡಿದುಬಿಡುತ್ತಾರೆ. ಸಣ್ಣ ಮಗುವಿನ ಧ್ವನಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಮಗು ಒದ್ದಾಡುತ್ತದೆ, ನಾವು ‘ಶ್ರುತಿ ತಪ್ಪಿತು’ ಅಂತ ಬರೆಯುತ್ತೇವೆ. ಹಾಡುವ ಮೊದಲು ಮಗುವಿನಿಂದ ಒಂದು ಸಾಲು ಗುನುಗಿಸಿ, ಪೇಟಿಯವರಿಗೆ ಆ ಶ್ರುತಿ ಹಿಡಿಯಲು ಹೇಳಿ. ಹತ್ತು ಸೆಕೆಂಡಿನ ಕೆಲಸ. ನಾನು ಕಂಡ ಹಾಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳ ತೊಂದರೆ ಇಲ್ಲೇ ಪರಿಹಾರ ಆಗುತ್ತದೆ.

ಇಳಕಲ್‌ನ ತಾಯಿ
ಬುಧವಾರ, ಮಧ್ಯಾಹ್ನ 3:15

ಕಣ್ಣಿನ ಮಾತು ಬಂತಲ್ಲ, ನನಗೂ ಒಂದು ಹೇಳುವುದಿದೆ. ಜಾನಪದ ನೃತ್ಯಕ್ಕೆ ನಮ್ಮ ಮಕ್ಕಳು ಮನೆಯಲ್ಲಿದ್ದ ಹಳೆ ಇಳಕಲ್ ಸೀರೆ, ಖಣದ ಕುಪ್ಪಸ ಹಾಕಿಕೊಂಡು ಹೋದರು. ಎದುರಿನ ತಂಡ ಬಾಡಿಗೆಗೆ ತಂದ ಮಿಂಚಿನ ಉಡುಪು ಹಾಕಿತ್ತು. ಸೋತದ್ದಕ್ಕೆ ಬೇಸರ ಇಲ್ಲ, ಅವರು ಚೆನ್ನಾಗಿಯೇ ಕುಣಿದರು. ಆದರೆ ಫಲಿತಾಂಶ ಹೇಳುವಾಗ ‘ವೇಷಭೂಷಣ ಬಹಳ ಅದ್ಧೂರಿ’ ಅಂತ ಹೊಗಳಿದರು. ನನ್ನ ಮಗಳು ಮನೆಗೆ ಬಂದು ಕೇಳಿದ್ದು ಒಂದೇ. ‘ಅವ್ವಾ, ಬಾಡಿಗಿ ಡ್ರೆಸ್ಸಿಗೆ ಎಷ್ಟ ಆಕ್ಕೈತಿ?’ ನಿರ್ಣಾಯಕರು ಆಡುವ ಒಂದು ಮಾತಿನಿಂದ ಮಕ್ಕಳು ಏನು ಕಲಿಯುತ್ತಾರೆ ನೋಡಿ. ಹೆಜ್ಜೆಯನ್ನು ಹೊಗಳಿ, ತಾಳವನ್ನು ಹೊಗಳಿ. ದುಡ್ಡು ಕೊಟ್ಟು ತಂದದ್ದನ್ನು ಹೊಗಳಬೇಡಿ. ಇದು ನನ್ನ ಕೈಮುಗಿದ ಬಿನ್ನಹ.

ಮುಧೋಳ ಕಡೆಯ ವಿಜ್ಞಾನ ಶಿಕ್ಷಕ
ಬುಧವಾರ, ರಾತ್ರಿ 9:45

ವಿಜ್ಞಾನದಲ್ಲೂ ಇದೇ ಕಥೆ ತಾಯಿ. ಬಾಡಿಗೆ ಡ್ರೆಸ್ಸಿನ ಬದಲು ಥರ್ಮಾಕೋಲ್ ಮತ್ತು ಎಲ್‌ಇಡಿ ದೀಪ.

1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತಿದೆ. ಅಲ್ಲಿ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು, ಅಳೆದು, ಲೆಕ್ಕ ಬರೆದು ಮಂಡಿಸಬೇಕು. ಆ ಪದ್ಧತಿ ನನಗೆ ಬಹಳ ಇಷ್ಟ. ಮಾದರಿ ಎಷ್ಟು ಚಂದ ಇದೆ ಅನ್ನುವುದಕ್ಕಿಂತ ಮಗು ಏನು ಮಾಡಿತು ಅನ್ನುವುದು ಅಲ್ಲಿ ಮುಖ್ಯ. ಹೀಗೆ ಒಂದು ಸ್ಪರ್ಧೆಗೆ ಹೋದಾಗ ಕಬ್ಬು ಬೆಳೆಯುವ ಊರಿನ ಇಬ್ಬರು ಹುಡುಗಿಯರು ಬಂದಿದ್ದರು. ಹೊಲದ ಪೈಪಿನ ಕೆಳಗೆ ಕೊಡ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ದಿನಾ ಬರೆದಿದ್ದರು. ಕರೆಂಟ್ ಬಂದ ಹೊತ್ತು, ಹೋದ ಹೊತ್ತು ಕೂಡ. ನೋಟ್‌ಬುಕ್ಕಿನ ಪುಟಗಳು ಕೆಸರಾಗಿ ಅಂಟಿಕೊಂಡಿದ್ದವು. ಒಂದು ಪುಟದಲ್ಲಿ ‘ಇವತ್ತು ಕೊಡ ಉರುಳಿತು, ಲೆಕ್ಕ ಇಲ್ಲ’ ಅಂತ ಬರೆದಿತ್ತು. ಲೆಕ್ಕ ಇಲ್ಲದ ದಿನವನ್ನು ಇಲ್ಲ ಅಂತಲೇ ಬರೆದರಲ್ಲ, ಆ ಪುಟಕ್ಕೇ ನಾನು ಹೆಚ್ಚು ಅಂಕ ಕೊಟ್ಟೆ.

ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ. ದೊಡ್ಡ ಅಣೆಕಟ್ಟಿನ ಮಾದರಿ, ಗೇಟು ತೆರೆದು ಮುಚ್ಚುತ್ತದೆ, ದೀಪ ಹತ್ತುತ್ತದೆ. ‘ಮೊದಲ ಸಲ ಮಾಡಿದಾಗ ಏನು ಕೆಟ್ಟಿತು?’ ಅಂತ ಕೇಳಿದೆ. ಅವನು ಹಿಂದೆ ನಿಂತಿದ್ದ ಅಪ್ಪನ ಮುಖ ನೋಡಿದ. ನನಗೆ ಗೊತ್ತಾಯಿತು. ಆಗ ಅವನನ್ನು ಹಿಡಿದುಹಾಕಬಹುದಿತ್ತು. ಅದು ಬೇಡ ಅನ್ನಿಸಿತು. ‘ಇದರಲ್ಲಿ ನೀನೇ ಮಾಡಿದ ಭಾಗ ಯಾವುದು?’ ಅಂತ ಕೇಳಿದೆ. ಕಾಲುವೆ ತೋರಿಸಿದ. ಮರಳು ಮತ್ತು ಫೆವಿಕಾಲ್ ಕಲಸಿ ಮಾಡಿದ್ದ. ಮೊದಲು ನೀರು ಸೋರಿತಂತೆ, ಆಮೇಲೆ ಮೇಣದಬತ್ತಿ ಕರಗಿಸಿ ಹಚ್ಚಿದನಂತೆ. ಹೇಳುತ್ತಾ ಹೇಳುತ್ತಾ ಮುಖ ಅರಳಿತು. ಆ ಕಾಲುವೆಗೆ ಅಂಕ ಕೊಟ್ಟೆ, ಉಳಿದದ್ದಕ್ಕೆ ಕೊಡಲಿಲ್ಲ. ‘ಮುಂದಿನ ವರ್ಷ ಬರೀ ಕಾಲುವೆ ತಗೊಂಡು ಬಾ’ ಅಂದೆ.

ಹೊಗಳಿಕೆಯ ಬಗ್ಗೆಯೂ ಒಂದು ಮಾತು. 1998ರಲ್ಲಿ ಅಮೆರಿಕದಲ್ಲಿ ಐದನೇ ತರಗತಿ ಮಕ್ಕಳ ಮೇಲೆ ಒಂದು ಪ್ರಯೋಗ ಆಯಿತು. ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಕೆಲವರಿಗೆ ‘ನೀನು ಕಷ್ಟಪಟ್ಟು ಮಾಡಿದೆ’ ಅಂದರು. ಆಮೇಲೆ ಕಠಿಣ ಸಮಸ್ಯೆಗಳು ಬಂದು ಸೋತಾಗ ಬುದ್ಧಿವಂತ ಅನ್ನಿಸಿಕೊಂಡವರು ಬೇಗ ಕುಗ್ಗಿದರು. ನಮ್ಮ ಕಡೆ ‘ಶಾಣ್ಯಾ ಅದಿ’ ಅನ್ನುವುದು ಬಾಯಿಗೆ ಬಂದುಬಿಡುತ್ತದೆ. ನಾನೀಗ ಅದನ್ನು ಬಿಟ್ಟು ‘ಎಷ್ಟು ಸಲ ಮಾಡಿ ನೋಡಿದಿ?’ ಅಂತ ಕೇಳುತ್ತೇನೆ.

ಜಮಖಂಡಿಯ ನಿವೃತ್ತ ಮಾಸ್ತರು
ಗುರುವಾರ, ಬೆಳಗ್ಗೆ 8:00

ಕಾಲುವೆಯ ಹುಡುಗನಿಗೆ ನೀವು ಮಾಡಿದ್ದು ಬಹಳ ಚಲೋ ಸರ್.

ಅಕ್ಕೋರೆ, ಶನಿವಾರಕ್ಕೆ ಮುಂಚೆ ಕೂಡಿಸುವ ಲೆಕ್ಕದ ಬಗ್ಗೆ ಒಂದು ಹೇಳಿಬಿಡುತ್ತೇನೆ. ಮೂವರು ನಿರ್ಣಾಯಕರಲ್ಲಿ ಒಬ್ಬರು ಕೈ ಬಿಚ್ಚಿ ಅಂಕ ಹಾಕುತ್ತಾರೆ ಅಂದುಕೊಳ್ಳಿ. ಇಷ್ಟವಾದರೆ 9, ಇಲ್ಲದಿದ್ದರೆ 5. ಉಳಿದ ಇಬ್ಬರು ಹೆದರಿ 7 ಮತ್ತು 8ರ ಒಳಗೇ ಹಾಕುತ್ತಾರೆ. ಮೊದಲ ಮಗುವಿಗೆ 9, 7, 7 ಬಂತು. ಒಟ್ಟು 23. ಎರಡನೇ ಮಗುವಿಗೆ 5, 8, 8. ಒಟ್ಟು 21. ಇಬ್ಬರು ನಿರ್ಣಾಯಕರಿಗೆ ಎರಡನೇ ಮಗುವೇ ಮೇಲು ಅನ್ನಿಸಿದೆ. ಆದರೂ ಗೆದ್ದದ್ದು ಮೊದಲನೆಯದು. ಅಂದರೆ ಮೂವರು ಕೂತರೂ ತೀರ್ಪು ಒಬ್ಬರದೇ ಆಯಿತು.

ಇದನ್ನು ತಪ್ಪಿಸಲು ಪ್ರತಿಯೊಬ್ಬರೂ ತಮ್ಮ ಅಂಕದ ಪ್ರಕಾರ ಮಕ್ಕಳನ್ನು ಒಂದು, ಎರಡು, ಮೂರು ಅಂತ ಸಾಲು ಹಚ್ಚಿ. ಆ ಸ್ಥಾನಗಳನ್ನು ಕೂಡಿಸಿ. ಕಡಿಮೆ ಬಂದವರು ಗೆದ್ದ ಹಾಗೆ. ಮೇಲಿನ ಲೆಕ್ಕದಲ್ಲಿ ಮೊದಲ ಮಗುವಿಗೆ 1, 2, 2 ಕೂಡಿ 5. ಎರಡನೇ ಮಗುವಿಗೆ 2, 1, 1 ಕೂಡಿ 4. ಈಗ ಸರಿ ಆಯಿತು. ಇಲಾಖೆಯ ಹಾಳೆಯಲ್ಲಿ ಅಂಕವನ್ನೇ ಕೇಳುತ್ತಾರೆ ಅಂದರೆ, ಕೂಡಿಸುವ ಮೊದಲು ಇದನ್ನು ಪಕ್ಕದಲ್ಲಿ ಮಾಡಿ ನೋಡಿ. ಎರಡೂ ಬೇರೆ ಬೇರೆ ಬಂದರೆ ಮೂವರೂ ಕೂತು ಮಾತಾಡಲು ಅದೇ ಸರಿಯಾದ ಹೊತ್ತು.

ನಿಮ್ಮ ಶಾಲೆಯ ಮಗು ಇದ್ದರೆ ಆ ಮಗುವಿಗೆ ನೀವು ಅಂಕ ಹಾಕಬೇಡಿ. ಉಳಿದಿಬ್ಬರ ಸರಾಸರಿ ತಗೊಳ್ಳಲಿ. ಯಾರೂ ಕೇಳದಿದ್ದರೂ ನೀವೇ ಎದ್ದು ಹೇಳಿ.

ಕ್ಲಸ್ಟರ್ ಕೆಲಸ ಮಾಡಿದವನು
ಗುರುವಾರ, ಬೆಳಗ್ಗೆ 8:40

ಈ ಸ್ಥಾನದ ಲೆಕ್ಕ ನನಗೆ ಹತ್ತು ವರ್ಷದ ಹಿಂದೆ ಸಿಗಬೇಕಿತ್ತು ಮಾಸ್ತರೆ. ಎಷ್ಟು ಜಗಳ ಬಿಡಿಸಿದ್ದೇನೆ!

ಒಂದು ಪ್ರಶ್ನೆ. ನಡುವೆ ಮರೆತು ನಿಂತುಬಿಡುವ ಮಗುವಿಗೆ ಏನು ಮಾಡುತ್ತೀರಿ? ಕೆಲವರು ಮತ್ತೆ ಶುರು ಮಾಡಲು ಬಿಡುತ್ತಾರೆ. ಆಗ ಬೇರೆ ಶಾಲೆಯವರು ಎದ್ದು ನಿಲ್ಲುತ್ತಾರೆ.

ವಿಜಯಪುರದಲ್ಲಿ ಓದುತ್ತಿರುವ ಹುಡುಗ
ಗುರುವಾರ, ಬೆಳಗ್ಗೆ 10:10

ಒಂದು ಸಲ ಮತ್ತೆ ಶುರು ಮಾಡಬಹುದು ಅಂತ ಎಲ್ಲರಿಗೂ ಮೊದಲೇ ಹೇಳಿಬಿಡಬೇಕು ಸರ್. ಆ ಅವಕಾಶ ಇದೆ ಅಂತ ಗೊತ್ತಿದ್ದರೆ ಎಷ್ಟೋ ಮಕ್ಕಳು ಮರೆಯುವುದೇ ಇಲ್ಲ.

ಹುನಗುಂದದ ಕನ್ನಡ ಪಂಡಿತರ ಮಗ
ಗುರುವಾರ, ಬೆಳಗ್ಗೆ 10:45

ಚಿಕ್ಕ ತರಗತಿಗಳಿಗೆ ಸರಿ. ಹೈಸ್ಕೂಲಿನವರಿಗೆ ಬೇಡ ಅಂತ ನನ್ನ ಅಭಿಪ್ರಾಯ. ನಿಲ್ಲದೆ ಹೇಳಿ ಮುಗಿಸಿದ ಮಗುವೂ ಕಷ್ಟಪಟ್ಟೇ ಕಲಿತಿರುತ್ತದೆ. ಅದರ ಶ್ರಮಕ್ಕೂ ಬೆಲೆ ಬೇಕಲ್ಲ.

ಗುಳೇದಗುಡ್ಡದ ಅಕ್ಕೋರು
ಭಾನುವಾರ, ಸಂಜೆ 5:30

ಎಲ್ಲರಿಗೂ ಕೃತಜ್ಞತೆ. ನಿನ್ನೆ ಮುಗಿಯಿತು. ಹೇಗಾಯಿತು ಅಂತ ಬರೆಯುತ್ತೇನೆ.

ಶುಕ್ರವಾರವೇ ಉಳಿದಿಬ್ಬರು ನಿರ್ಣಾಯಕರಿಗೆ ಫೋನ್ ಮಾಡಿದೆ. ಭಾಷಣ, ಕಥೆಗೆ ‘ಸ್ಪಷ್ಟತೆ’, ಕಂಠಪಾಠಕ್ಕೆ ‘ಉಚ್ಚಾರಣೆ’ ಅಂತ ಒಪ್ಪಿಸಿದೆ. ಒಬ್ಬರು ಹಿರಿಯರು, ಮೊದಲು ಒಪ್ಪಲಿಲ್ಲ. ಆ ಹುಡುಗಿಯ ಮಾತನ್ನು ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಆಯ್ತು ಮೇಡಂ’ ಅಂದರು. ಬೆಳಗ್ಗೆ ಬೇವಿನ ಮರದ ಕೆಳಗೆ ಮಕ್ಕಳನ್ನು ಕೂಡಿಸಿ ನಿಯಮ ಓದಿದೆವು. ಮರೆತರೆ ಒಂದು ಸಲ ಮತ್ತೆ ಶುರು ಮಾಡಬಹುದು ಅಂತ ಎಲ್ಲರಿಗೂ ಹೇಳಿದೆವು. ಪಂಡಿತರ ಮಗನ ಮಾತಿನಲ್ಲಿ ನ್ಯಾಯ ಇದೆ, ಆದರೆ ಇಲ್ಲಿದ್ದವರೆಲ್ಲ ಏಳನೇ ತರಗತಿಯ ಒಳಗಿನವರು. ಇಬ್ಬರು ಮಾತ್ರ ಆ ಅವಕಾಶ ಬಳಸಿಕೊಂಡರು.

ಕುರ್ಚಿ ನಾನೇ ಎತ್ತಿ ದೂರ ಹಾಕಿದೆ. ಮೊದಲ ಮೂವರಿಗೆ ಪೆನ್ಸಿಲ್. ಕೊನೆಗೆ ತಿದ್ದುವಾಗ ಮೊದಲನೇ ಹುಡುಗನ ಅಂಕ ಆರರಿಂದ ಎಂಟಕ್ಕೆ ಹೋಯಿತು, ಮಾಸ್ತರು ಹೇಳಿದ ಹಾಗೇ. ಸ್ಥಾನದ ಲೆಕ್ಕವೂ ಅಂಕದ ಲೆಕ್ಕವೂ ಎರಡು ಸ್ಪರ್ಧೆಯಲ್ಲಿ ಒಂದೇ ಬಂತು. ಕಥೆಯಲ್ಲಿ ಬೇರೆ ಬಂತು, ಇಪ್ಪತ್ತು ನಿಮಿಷ ಮಾತಾಡಿದೆವು. ಬಸ್ ತಪ್ಪಲಿಲ್ಲ.

ಆಮೇಲೆ ಚೀಟಿ. ಪ್ರತಿ ಮಗುವಿಗೂ ಎರಡು ಸಾಲು ಬರೆದು ಕೈಗೆ ಕೊಟ್ಟೆ. ನನಗೆ ಇಷ್ಟವಾದ ಒಂದು, ಮನೆಗೆ ಹೋಗಿ ಮಾಡಬೇಕಾದ ಒಂದು. ಒಟ್ಟು ಮೂವತ್ತೊಂದು ಚೀಟಿ. ಒಬ್ಬ ಹುಡುಗನಿಗೆ ‘ನೀನು ಎತ್ತಿನ ಕೊರಳ ಗಂಟೆಯ ಸಪ್ಪಳ ಬಾಯಲ್ಲೇ ಮಾಡಿದಾಗ ಹಿಂದೆ ಕೂತ ಮಕ್ಕಳು ಮುಂದೆ ಬಗ್ಗಿದರು. ಮನೆಯಲ್ಲಿ ನಿಂತು ಹೇಳುವಾಗ ಕೈ ಬೆನ್ನ ಹಿಂದಿನಿಂದ ಬಿಡು’ ಅಂತ ಬರೆದೆ. ಅವನು ಅದನ್ನು ಮಡಚಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡ.

ಕೊನೆಗೆ ಆತುರ ಆಯಿತು. ಕೊನೆಯ ನಾಲ್ಕೈದು ಚೀಟಿಗೆ ‘ಧ್ವನಿ ಚೆನ್ನಾಗಿದೆ, ಇನ್ನೂ ನಿಧಾನ ಹೇಳು’ ಅಂತ ಒಂದೇ ಬರೆದುಬಿಟ್ಟೆ. ಸ್ವಲ್ಪ ಹೊತ್ತಿಗೆ ಇಬ್ಬರು ಹುಡುಗಿಯರು ಚೀಟಿ ಜೋಡಿಸಿ ಹಿಡಿದುಕೊಂಡು ಬಂದರು. ‘ಅಕ್ಕೋರೆ, ಇಬ್ಬರಿಗೂ ಒಂದ ಬರದೀರಿ’ ಅಂದರು. ಮಕ್ಕಳ ಕಣ್ಣಿಗೆ ಏನೂ ತಪ್ಪುವುದಿಲ್ಲ. ಎರಡೂ ಚೀಟಿ ವಾಪಸ್ ತಗೊಂಡೆ, ನನ್ನ ಟಿಪ್ಪಣಿ ತೆಗೆದು ಓದಿದೆ, ಮತ್ತೆ ಬರೆದುಕೊಟ್ಟೆ. ಉಳಿದವರನ್ನೂ ಕರೆಸಿದೆ. ಒಬ್ಬಳು ಮಾತ್ರ ಆಗಲೇ ಊರಿಗೆ ಹೋಗಿದ್ದಳು. ಅವಳದನ್ನು ನಾಳೆ ಅವರ ಶಾಲೆಯ ಸರ್ ಕೈಯಲ್ಲಿ ಕಳಿಸುತ್ತೇನೆ.

ನೀರಿನ ಭಾಷಣದ ಹುಡುಗಿ ಈಗ ಬೇರೆ ಊರಿನ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ ಅಂತ ಗೊತ್ತಾಯಿತು. ಅವಳಿಗೂ ಒಂದು ಚೀಟಿ ಬರೆದೆ. ಅವಳ ಹಳೆ ಶಾಲೆಯ ಟೀಚರ್ ಅವರ ಮನೆಗೆ ಮುಟ್ಟಿಸುತ್ತೇನೆ ಅಂದಿದ್ದಾರೆ.

ಇಳಕಲ್‌ನ ತಾಯಿ
ಭಾನುವಾರ, ಸಂಜೆ 6:05

ಅಕ್ಕೋರೆ, ಆ ಇಬ್ಬರು ಹುಡುಗಿಯರಿಗೆ ಎರಡನೇ ಸಲ ಏನು ಬರೆದಿರಿ?

ಗುಳೇದಗುಡ್ಡದ ಅಕ್ಕೋರು
ಭಾನುವಾರ, ಸಂಜೆ 6:20

ಒಬ್ಬಳಿಗೆ: ‘ಕಥೆಯಲ್ಲಿ ನರಿ ಬಂದಾಗ ನೀನು ಕಾಲ್ಬೆರಳ ಮೇಲೆ ನಿಂತೆ. ಹುಲಿ ಬಂದಾಗ ಹೇಗೆ ನಿಲ್ಲಬೇಕು ಅಂತ ಮನೆಯಲ್ಲಿ ನಿಂತು ನೋಡು.’

ಇನ್ನೊಬ್ಬಳಿಗೆ: ‘ನಿಮ್ಮವ್ವ ರೊಟ್ಟಿ ಬಡಿಯುವ ಸಪ್ಪಳ ಹೇಳಿದೆಯಲ್ಲ, ಅದು ನನಗೆ ಕೇಳಿಸಿತು. ಅದನ್ನು ಭಾಷಣದ ಕೊನೆಯಲ್ಲಿ ಹೇಳಿದೆ. ಮುಂದಿನ ಸಲ ಅಲ್ಲಿಂದಲೇ ಶುರು ಮಾಡು.’